ಬ್ರಿಟನ್ ತನ್ನ ವಿದ್ಯುತ್ ಮಾರುಕಟ್ಟೆಯನ್ನು ಯಾಕೆ ಬದಲಿಸಿತು, ಬಿಲ್ ಯಾಕೆ ಇಳಿಯಲಿಲ್ಲ?

ಪ್ರಶ್ನೆ: ಗಾಳಿ, ಬಿಸಿಲಿನ ಕರೆಂಟೇ ಈಗ ಅಗ್ಗ ಎಂದು ಎಲ್ಲ ಕಡೆ ಓದುತ್ತೇವೆ. ಹಾಗಿದ್ದರೆ ಮಾರುಕಟ್ಟೆಗೆ ಬಿಟ್ಟುಬಿಟ್ಟರೆ ಸಾಕಲ್ವಾ? ಬ್ರಿಟನ್ 2013ರಲ್ಲಿ ಕಾನೂನು ತಂದು ವಿದ್ಯುತ್ ಮಾರುಕಟ್ಟೆಯನ್ನೇ ಬದಲಿಸಿದ್ದು ಯಾಕೆ? ಅಷ್ಟೆಲ್ಲ ಮಾಡಿದ ಮೇಲೂ ಅಲ್ಲಿನ ಜನರ ಬಿಲ್ ಯಾಕೆ ಇಳಿದಿಲ್ಲ?

ಉತ್ತರ: ಬರೀ ಮಾರುಕಟ್ಟೆಗೆ ಬಿಟ್ಟಿದ್ದರೆ ಬ್ರಿಟನ್ ಸಮುದ್ರದಲ್ಲಿ ಇವತ್ತಿನಷ್ಟು ವಿಂಡ್ ಫಾರ್ಮ್‌ಗಳು ಏಳುತ್ತಲೇ ಇರಲಿಲ್ಲ. ಎದ್ದಿದ್ದರೂ ಅವುಗಳ ಕರೆಂಟ್ ಇನ್ನೂ ದುಬಾರಿ ಆಗಿರುತ್ತಿತ್ತು. ಯಾಕೆ ಅಂತ ತಿಳಿಯಬೇಕಾದರೆ ಗಾಳಿಯನ್ನು ಸ್ವಲ್ಪ ಬದಿಗಿಟ್ಟು ಸಾಲದ ಕಡೆ ನೋಡಬೇಕು.

ಗ್ಯಾಸ್ ಸ್ಥಾವರ ಕಟ್ಟಲು ಕಡಿಮೆ ದುಡ್ಡು ಸಾಕು, ನಡೆಸಲು ಜಾಸ್ತಿ ಬೇಕು. ಓಡುವ ಪ್ರತಿ ಗಂಟೆಗೂ ಗ್ಯಾಸ್ ಕೊಳ್ಳಬೇಕಲ್ಲ. ವಿಂಡ್ ಫಾರ್ಮ್ ಲೆಕ್ಕ ಇದಕ್ಕೆ ಪೂರ್ತಿ ಉಲ್ಟಾ. ಸಮುದ್ರದ ತಳಕ್ಕೆ ಉಕ್ಕಿನ ಕಂಬ ಹೊಡೆದು, ಯಂತ್ರ ನಿಲ್ಲಿಸಿ, ದಡಕ್ಕೆ ಕೇಬಲ್ ಎಳೆಯುವಷ್ಟರಲ್ಲಿ ಅದರ ಇಡೀ ಆಯುಷ್ಯದ ಖರ್ಚಿನ ಬಹುಪಾಲು ಆಗಿಹೋಗಿರುತ್ತದೆ. ಆಮೇಲೆ ಬೀಸುವ ಗಾಳಿಗೆ ಯಾರೂ ದುಡ್ಡು ಕೇಳುವುದಿಲ್ಲ. ಅಣು ಸ್ಥಾವರದ್ದೂ ಹೆಚ್ಚುಕಡಿಮೆ ಇದೇ ಲೆಕ್ಕ. ಹಾಗಾಗಿ ಇಂಥ ಕರೆಂಟ್ ಎಷ್ಟಕ್ಕೆ ಬೀಳುತ್ತದೆ ಎನ್ನುವುದು ಹೆಚ್ಚಾಗಿ ಸಾಲದ ಬಡ್ಡಿಯ ಮೇಲೆ ನಿಂತಿದೆ.

ಒಂದು ಸಣ್ಣ ಲೆಕ್ಕ ಹಾಕಿ ನೋಡಿ. 100 ಪೌಂಡ್ ಸಾಲ, 20 ವರ್ಷ, ಸಮಾನ ಕಂತು. ಬಡ್ಡಿ ಶೇ. 5 ಇದ್ದರೆ ವರ್ಷದ ಕಂತು ಸುಮಾರು 8 ಪೌಂಡ್. ಶೇ. 10 ಆದರೆ ಸುಮಾರು 11 ಮುಕ್ಕಾಲು ಪೌಂಡ್. ಅದೇ ಕಂಬ, ಅದೇ ರೆಕ್ಕೆ, ಅದೇ ಗಾಳಿ. ಆದರೂ ತೀರಿಸಬೇಕಾದ್ದು ಹತ್ತಿರಹತ್ತಿರ ಒಂದೂವರೆ ಪಟ್ಟು. ಬಡ್ಡಿ ಏರಿದರೆ ಗ್ಯಾಸ್ ಸ್ಥಾವರಕ್ಕೂ ಹೊರೆಯೇ. ಆದರೆ ಅದರ ಖರ್ಚಿನಲ್ಲಿ ಇಂಧನದ ಪಾಲೇ ದೊಡ್ಡದು, ಹಾಗಾಗಿ ಅಷ್ಟು ತಟ್ಟುವುದಿಲ್ಲ.

ಬ್ಯಾಂಕಿನವರು ಬಡ್ಡಿ ಏರಿಸುವುದು ಯಾವಾಗ? ಆದಾಯ ಇಷ್ಟು ಬರುತ್ತದೆ ಎಂದು ಹೇಳಲು ಆಗದಿದ್ದಾಗ. ಹಳೆಯ ಮಾರುಕಟ್ಟೆಯಲ್ಲಿ ವಿಂಡ್ ಫಾರ್ಮ್‌ನವರು ನಿಂತಿದ್ದದ್ದು ಅಲ್ಲೇ.

ಸಗಟು ಮಾರುಕಟ್ಟೆ ನಡೆಯುವ ಬಗೆ ಗೊತ್ತಿದ್ದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಯಾವುದೇ ಹೊತ್ತಿನಲ್ಲಿ ದೇಶಕ್ಕೆ ಇಷ್ಟು ಕರೆಂಟ್ ಬೇಕು ಅಂತ ಇರುತ್ತದೆ. ನಡೆಸಲು ಅಗ್ಗವಾದ ಸ್ಥಾವರಗಳು ಮೊದಲು, ದುಬಾರಿಯವು ಆಮೇಲೆ. ಬೇಡಿಕೆ ತುಂಬಲು ಕೊನೆಗೆ ಕರೆದ ಸ್ಥಾವರದ ಖರ್ಚು ಎಷ್ಟೋ, ಆ ಹೊತ್ತಿನಲ್ಲಿ ಎಲ್ಲರಿಗೂ ಸಿಗುವ ಬೆಲೆ ಅಷ್ಟು. ಬ್ರಿಟನ್‌ನಲ್ಲಿ ಹೆಚ್ಚಿನ ಸಮಯ ಆ ಕೊನೆಯ ಸ್ಥಾವರ ಗ್ಯಾಸ್‌ನದು.

ಇದರಿಂದ ಗ್ಯಾಸ್ ಸ್ಥಾವರಕ್ಕೆ ತಾನಾಗಿ ಒಂದು ರಕ್ಷಣೆ ಸಿಗುತ್ತದೆ. ಗ್ಯಾಸ್ ಬೆಲೆ ಏರಿದರೆ ಕರೆಂಟ್ ಬೆಲೆಯೂ ಏರುತ್ತದೆ. ಇಳಿದರೆ ಎರಡೂ ಇಳಿಯುತ್ತವೆ. ನಡುವೆ ಉಳಿಯುವ ಲಾಭದಲ್ಲಿ ಅಷ್ಟೇನೂ ಏರುಪೇರಿಲ್ಲ. ವಿಂಡ್ ಫಾರ್ಮ್‌ಗೆ ಆ ರಕ್ಷಣೆ ಇಲ್ಲ. ಅದರ ಕಂತು ಪ್ರತಿ ವರ್ಷ ಒಂದೇ, ಆದಾಯ ಮಾತ್ರ ಗ್ಯಾಸ್ ಬೆಲೆಯ ಜೊತೆ ಕುಣಿಯುತ್ತದೆ. ಇನ್ನೂ ಒಂದು ತೊಂದರೆ ಇದೆ. ಗಾಳಿ ಬೀಸಿದರೆ ಎಲ್ಲ ವಿಂಡ್ ಫಾರ್ಮ್‌ಗಳೂ ಒಟ್ಟಿಗೇ ಉತ್ಪಾದಿಸುತ್ತವೆ, ಆಗಲೇ ಬೆಲೆ ಬೀಳುತ್ತದೆ. ಅಂದರೆ ಜಾಸ್ತಿ ಮಾರುವ ಹೊತ್ತಿನಲ್ಲೇ ಕಡಿಮೆ ಬೆಲೆ. ವಿಂಡ್ ಫಾರ್ಮ್‌ಗಳು ಹೆಚ್ಚಾದಷ್ಟೂ ಇದು ಇನ್ನಷ್ಟು ಕೆಡುತ್ತದೆ. ಇದನ್ನೆಲ್ಲ ನೋಡಿದ ಬ್ಯಾಂಕ್ ಕಡಿಮೆ ಬಡ್ಡಿಗೆ ಸಾಲ ಕೊಡುತ್ತದೆಯೇ?

ಬ್ರಿಟನ್ ತನ್ನ ವಿದ್ಯುತ್ ವಲಯವನ್ನು ಖಾಸಗಿಯವರಿಗೆ ಕೊಟ್ಟಿದ್ದು 1990ರಲ್ಲಿ. ಆಗ ಬಂದ ಮಾರುಕಟ್ಟೆ, 2001ರಲ್ಲಿ ಅದರ ಜಾಗಕ್ಕೆ ಬಂದ ಇನ್ನೊಂದು, ಎರಡರ ಗುರಿಯೂ ಇರುವ ಸ್ಥಾವರಗಳನ್ನು ಬಿಗಿಯಾಗಿ, ಕಡಿಮೆ ಖರ್ಚಿನಲ್ಲಿ ಓಡಿಸುವುದು. ಅದನ್ನು ಅವು ಚೆನ್ನಾಗಿಯೇ ಮಾಡಿದವು. 2005ರಲ್ಲಿ ಸ್ಕಾಟ್ಲೆಂಡ್ ಕೂಡ ಸೇರಿತು. (ಉತ್ತರ ಐರ್ಲೆಂಡ್‌ನ ಮಾರುಕಟ್ಟೆ ಬೇರೆ, ಅದು ಐರ್ಲೆಂಡ್ ಗಣರಾಜ್ಯದ ಜೊತೆ ಹೊಂದಿಕೊಂಡಿದೆ. ಇಲ್ಲಿ ನಾನು ಹೇಳುತ್ತಿರುವುದೆಲ್ಲ ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡ್ ಬಗ್ಗೆ.) ಆದರೆ 2008ರ ಹವಾಮಾನ ಕಾನೂನು 2050ರೊಳಗೆ ಇಂಗಾಲವನ್ನು ಶೇ. 80 ಇಳಿಸಬೇಕು ಎಂದಿತು. ಹಳೆಯ ಕಲ್ಲಿದ್ದಲು ಸ್ಥಾವರಗಳು, ಹಳೆಯ ಅಣು ಸ್ಥಾವರಗಳು ಒಂದೊಂದಾಗಿ ಮುಚ್ಚುವ ಹಂತಕ್ಕೆ ಬಂದವು. ಈಗ ಬೇಕಾಗಿದ್ದದ್ದು ಹೊಸದಾಗಿ ಕಟ್ಟುವವರು. ಅಂಥವರನ್ನು ಕರೆತರುವ ಕೆಲಸಕ್ಕೆ ಆ ಮಾರುಕಟ್ಟೆ ಹುಟ್ಟಿದ್ದೇ ಅಲ್ಲ.

2002ರಿಂದ ಒಂದು ಸಹಾಯ ಯೋಜನೆ ಇತ್ತು, ರಿನ್ಯೂವಬಲ್ಸ್ ಆಬ್ಲಿಗೇಷನ್ ಅಂತ. ಹಸಿರು ಕರೆಂಟ್ ಉತ್ಪಾದಿಸಿದವರಿಗೆ ಸರ್ಟಿಫಿಕೇಟ್ ಸಿಗುತ್ತಿತ್ತು. ಜನರಿಗೆ ಕರೆಂಟ್ ಮಾರುವ ಕಂಪನಿಗಳು ಅದನ್ನು ಕೊಳ್ಳಲೇಬೇಕಿತ್ತು. ಅಂದರೆ ಮಾರುಕಟ್ಟೆ ಬೆಲೆಯ ಮೇಲೆ ಇನ್ನೊಂದಿಷ್ಟು. ಬೆಲೆ ಕುಸಿಯುವ ಭಯ ಹಾಗೇ ಉಳಿಯಿತು. ಬೆಲೆ ಏರಿದರೆ ಲಾಭವೆಲ್ಲ ಕಂಪನಿಗೆ. ಈ ಮಾತು ನೆನಪಿರಲಿ, ನಿಮ್ಮ ಬಿಲ್ ಪ್ರಶ್ನೆಗೆ ಬೇಕಾಗುತ್ತದೆ.

ಸುಧಾರಣೆಯ ಶ್ವೇತಪತ್ರ ಬಂದದ್ದು 2011ರ ಜುಲೈನಲ್ಲಿ. ಕಾನೂನಾದದ್ದು 2013ರ ಡಿಸೆಂಬರ್‌ನಲ್ಲಿ. ಇಡೀ ಸುಧಾರಣೆಯಲ್ಲಿ ನಾಲ್ಕು ಭಾಗ ಇದ್ದವು, ಆದರೆ ನಾಲ್ಕಕ್ಕೂ ಒಂದೇ ತೂಕ ಕೊಡಬೇಕಾಗಿಲ್ಲ. ಹೊಸ ಸ್ಥಾವರ ಒಂದು ಯೂನಿಟ್‌ಗೆ 450 ಗ್ರಾಂಗಿಂತ ಹೆಚ್ಚು ಇಂಗಾಲ ಬಿಡಬಾರದು ಎನ್ನುವ ನಿಯಮ ಹೊಸ ಕಲ್ಲಿದ್ದಲು ಸ್ಥಾವರಕ್ಕೆ ಬಾಗಿಲು ಹಾಕಿತು, ಅಷ್ಟೇ.

ಇಂಗಾಲದ ಮೇಲಿನ ತೆರಿಗೆ ಮಾತ್ರ ಜೋರಾಗಿ ಕೆಲಸ ಮಾಡಿತು. 2013ರ ಏಪ್ರಿಲ್‌ನಲ್ಲಿ ಶುರುವಾದ ಅದು 2016ರಿಂದ ಟನ್‌ಗೆ 18 ಪೌಂಡ್‌ನಲ್ಲಿ ನಿಂತಿತು. ಮೊದಲಿನ ಯೋಜನೆ ಇದಕ್ಕಿಂತ ಮೇಲೆ ಹೋಗುವುದಾಗಿತ್ತು, ಸರ್ಕಾರ ತಡೆಯಿತು. ಆದರೂ ಲೆಕ್ಕ ನೋಡಿ. ಕಲ್ಲಿದ್ದಲಿನಿಂದ ಒಂದು ಮೆಗಾವಾಟ್-ಗಂಟೆ, ಅಂದರೆ 1000 ಯೂನಿಟ್, ಉತ್ಪಾದಿಸಿದರೆ ಸುಮಾರು 0.9 ಟನ್ ಇಂಗಾಲ ಹೋಗುತ್ತದೆ. ಗ್ಯಾಸ್‌ನಲ್ಲಿ ಅದರ ಅರ್ಧಕ್ಕಿಂತ ಕಡಿಮೆ. ಅಂದರೆ ಕಲ್ಲಿದ್ದಲಿಗೆ 16 ಪೌಂಡ್ ಹೊರೆ, ಗ್ಯಾಸ್‌ಗೆ 7 ಪೌಂಡ್. ಆ 9 ಪೌಂಡ್ ವ್ಯತ್ಯಾಸ ಸಾಕಾಯಿತು, ಸಾಲಿನಲ್ಲಿ ಕಲ್ಲಿದ್ದಲು ಹಿಂದಕ್ಕೆ ಹೋಯಿತು. 2012ರಲ್ಲಿ ಬ್ರಿಟನ್ನಿನ ಕರೆಂಟಿನಲ್ಲಿ ಕಲ್ಲಿದ್ದಲಿನ ಪಾಲು ಸುಮಾರು ಶೇ. 40. 2020ರ ಹೊತ್ತಿಗೆ ಶೇ. 2ಕ್ಕಿಂತ ಕಡಿಮೆ. ಯುರೋಪಿನ ವಾಯುಮಾಲಿನ್ಯ ನಿಯಮಗಳ ಪಾಲೂ ಇದರಲ್ಲಿ ಇದೆ. ಕೊನೆಯ ಸ್ಥಾವರ, ರ‍್ಯಾಟ್‌ಕ್ಲಿಫ್-ಆನ್-ಸೋರ್, 2024ರ ಸೆಪ್ಟೆಂಬರ್ 30ರಂದು ಮುಚ್ಚಿತು. ಲಂಡನ್ನಿನ ಹಾಲ್ಬರ್ನ್‌ನಲ್ಲಿ 1882ರಲ್ಲಿ ಕಲ್ಲಿದ್ದಲಿನಿಂದ ಕರೆಂಟ್ ಹುಟ್ಟಿಸಲು ಶುರು ಮಾಡಿದ ದೇಶ ಅದು. 142 ವರ್ಷಗಳ ನಂತರ ನಿಲ್ಲಿಸಿತು. ನನಗೆ ಇದು ದೊಡ್ಡ ಸಾಧನೆ ಅನಿಸುತ್ತದೆ.

ಆದರೆ ಕಲ್ಲಿದ್ದಲನ್ನು ಕಳಿಸಿದರೆ ವಿಂಡ್ ಫಾರ್ಮ್ ತಾನಾಗಿ ಏಳುವುದಿಲ್ಲ. ಅದಕ್ಕಾಗಿಯೇ ಬಂದದ್ದು ಸುಧಾರಣೆಯ ಮುಖ್ಯ ಭಾಗ, ಕಾಂಟ್ರ್ಯಾಕ್ಟ್ ಫಾರ್ ಡಿಫರೆನ್ಸ್. ಹೆಸರು ಉದ್ದ, ಕೆಲಸ ಸರಳ. ಸರ್ಕಾರ ಹರಾಜು ಕರೆಯುತ್ತದೆ. ಇಷ್ಟು ಬೆಲೆ ಗ್ಯಾರಂಟಿ ಕೊಟ್ಟರೆ ಕಟ್ಟುತ್ತೇನೆ ಎಂದು ಕಂಪನಿಗಳು ಬಿಡ್ ಹಾಕುತ್ತವೆ. ಕಡಿಮೆ ಕೇಳಿದವರಿಗೆ 15 ವರ್ಷದ ಒಪ್ಪಂದ, ಬೆಲೆಯೇರಿಕೆಗೆ ತಕ್ಕಂತೆ ಪರಿಷ್ಕರಣೆ. ಒಪ್ಪಂದದ ಇನ್ನೊಂದು ಬದಿಯಲ್ಲಿ ಇರುವುದು ಸರ್ಕಾರದ್ದೇ ಒಂದು ಕಂಪನಿ.

ಒಂದು ವಿಂಡ್ ಫಾರ್ಮ್ ಮೆಗಾವಾಟ್-ಗಂಟೆಗೆ 80 ಪೌಂಡ್‌ನಂತೆ ಗೆದ್ದಿದೆ ಅಂದುಕೊಳ್ಳಿ. ಅದು ತನ್ನ ಕರೆಂಟನ್ನು ಎಲ್ಲರಂತೆ ಮಾರುಕಟ್ಟೆಯಲ್ಲೇ ಮಾರುತ್ತದೆ. ಒಂದು ಗಂಟೆಯಲ್ಲಿ ಮಾರುಕಟ್ಟೆ ಬೆಲೆ 50 ಪೌಂಡ್ ಇದ್ದರೆ ಬಾಕಿ 30 ಪೌಂಡ್ ಒಪ್ಪಂದದಿಂದ ಬರುತ್ತದೆ. ಇನ್ನೊಂದು ಗಂಟೆಯಲ್ಲಿ ಬೆಲೆ 200 ಪೌಂಡ್ ಆದರೆ? ಮೇಲಿನ 120 ಪೌಂಡನ್ನು ಕಂಪನಿ ವಾಪಸ್ ಕೊಡಬೇಕು. ಕೊಡುವುದೂ ಪಡೆಯುವುದೂ ಕೊನೆಗೆ ಗ್ರಾಹಕರ ಬಿಲ್ ಮೂಲಕವೇ. ಗ್ಯಾಸ್ ಬೆಲೆ ಏನೇ ಆದರೂ ಕಂಪನಿಯ ಕೈಗೆ 80 ಪೌಂಡ್. ಇದನ್ನು ತೋರಿಸಿದರೆ ಬ್ಯಾಂಕ್ ಕಡಿಮೆ ಬಡ್ಡಿಗೆ ಸಾಲ ಕೊಡುತ್ತದೆ. ನಿಜವಾಗಿ ಸರ್ಕಾರ ಇಲ್ಲಿ ಕೊಟ್ಟಿದ್ದು ಬೆಲೆಯ ಭರವಸೆ. ಅದಕ್ಕೇ ಇದನ್ನು ಬರೀ ಸಬ್ಸಿಡಿ ಅಂತ ಕರೆದರೆ ನಾನು ಒಪ್ಪುವುದಿಲ್ಲ.

ಫಲ ಹೇಗಿತ್ತು ನೋಡಿ. ಮುಂದೆ ಬರುವ ಈ ಒಪ್ಪಂದಗಳ ಬೆಲೆಗಳೆಲ್ಲ ಮೆಗಾವಾಟ್-ಗಂಟೆಗೆ, 2012ರ ಹಣದಲ್ಲಿ. ಇವತ್ತಿನ ಲೆಕ್ಕಕ್ಕೆ ಒಂದೂವರೆ ಪಟ್ಟಿನ ಹತ್ತಿರ ಹಿಡಿಯಿರಿ. 2015ರ ಮೊದಲ ಹರಾಜಿನಲ್ಲಿ ಸಮುದ್ರದ ಗಾಳಿ ವಿದ್ಯುತ್ 114ರಿಂದ 120 ಪೌಂಡ್. 2017ರಲ್ಲಿ ಹಾರ್ನ್‌ಸೀ 2 ಮತ್ತು ಮೊರೇ ಈಸ್ಟ್ ಎಂಬ ಎರಡು ಯೋಜನೆಗಳು 57.50 ಪೌಂಡ್‌ಗೆ ಗೆದ್ದವು. 2019ರಲ್ಲಿ 40ರ ಆಸುಪಾಸು. 2022ರಲ್ಲಿ 37.35, ಅದೂ ಸುಮಾರು 7 ಗಿಗಾವಾಟ್. ಯಂತ್ರಗಳು ದೊಡ್ಡದಾದವು, ಕಟ್ಟುವವರ ಕೈ ಪಳಗಿತು, ಅದೆಲ್ಲ ನಿಜ. ಆದರೆ ಅಗ್ಗದ ಸಾಲ ಇಲ್ಲದೆ ಈ ಇಳಿಕೆ ಆಗುತ್ತಿರಲಿಲ್ಲ.

ಈ ವ್ಯವಸ್ಥೆಗೆ ನಿಜವಾದ ಪರೀಕ್ಷೆ ಬಂದದ್ದು 2022ರಲ್ಲಿ. ಗ್ಯಾಸ್ ಬೆಲೆ ಹುಚ್ಚಾಪಟ್ಟೆ ಏರಿತು, ಸಗಟು ಕರೆಂಟ್ ಕೆಲವು ದಿನ ಮೆಗಾವಾಟ್-ಗಂಟೆಗೆ 300 ಪೌಂಡ್ ದಾಟಿತು. ಒಪ್ಪಂದದಲ್ಲಿದ್ದ ವಿಂಡ್ ಫಾರ್ಮ್‌ಗಳು ಆಗ ದುಡ್ಡು ವಾಪಸ್ ಕಟ್ಟಿದವು. ಹಳೆಯ ಸರ್ಟಿಫಿಕೇಟ್ ಯೋಜನೆಯವು ಮಾತ್ರ ಆ ಏರಿದ ಬೆಲೆಯನ್ನೂ ಪಡೆದವು, ಅದರ ಮೇಲೆ ಸರ್ಟಿಫಿಕೇಟ್ ದುಡ್ಡನ್ನೂ ಪಡೆದವು. ಕೊನೆಗೆ ಸರ್ಕಾರ 2023ರ ಜನವರಿಯಿಂದ, 75 ಪೌಂಡ್ ಮೀರಿದ ಆದಾಯದ ಮೇಲೆ ಶೇ. 45 ವಿಶೇಷ ತೆರಿಗೆ ಹಾಕಬೇಕಾಯಿತು. ಒಪ್ಪಂದದಲ್ಲೂ ಒಂದು ಸಂದು ಇತ್ತು ಅನ್ನುವುದನ್ನು ಮುಚ್ಚಿಡಬಾರದು. ಗೆದ್ದ ಕೆಲವು ಯೋಜನೆಗಳು ಒಪ್ಪಂದ ಶುರುವಾಗುವ ದಿನವನ್ನೇ ಮುಂದಕ್ಕೆ ಹಾಕಿ, ಅಷ್ಟು ದಿನ ಮಾರುಕಟ್ಟೆ ಬೆಲೆಗೆ ಮಾರಿಕೊಂಡವು. ನಿಯಮ ಅದಕ್ಕೆ ಅವಕಾಶ ಕೊಟ್ಟಿತ್ತು. ಜನ ಚಳಿಗಾಲದ ಬಿಲ್ ನೋಡಿ ಹೀಟರ್ ಆರಿಸುತ್ತಿದ್ದ ಹೊತ್ತಿನಲ್ಲಿ ಇದು ನಡೆಯಬಾರದಿತ್ತು.

ಮರುವರ್ಷ ಎಡವಿದ್ದು ಸರ್ಕಾರ. ಹರಾಜಿನಲ್ಲಿ ಇಷ್ಟಕ್ಕಿಂತ ಹೆಚ್ಚು ಕೇಳಬಾರದು ಎಂಬ ಮೇಲ್ಮಿತಿ ಇರುತ್ತದೆ. 2023ರಲ್ಲಿ ಅದನ್ನು 44 ಪೌಂಡ್‌ಗೆ ಇಟ್ಟರು. ಅಷ್ಟರಲ್ಲಿ ಉಕ್ಕು ದುಬಾರಿ ಆಗಿತ್ತು, ಬಡ್ಡಿ ಏರಿತ್ತು. ಉದ್ಯಮದವರು ಮೊದಲೇ ಎಚ್ಚರಿಸಿದರೂ ಮಿತಿ ಬದಲಾಗಲಿಲ್ಲ. ಸಮುದ್ರದ ಗಾಳಿಗೆ ಒಂದೇ ಒಂದು ಬಿಡ್ ಬರಲಿಲ್ಲ. ಮುಂದಿನ ವರ್ಷ ಮಿತಿಯನ್ನು 73ಕ್ಕೆ ಏರಿಸಿದಾಗ ಹೊಸ ಯೋಜನೆಗಳು 58.87ಕ್ಕೆ ಬಂದವು. ಆ ಬೆಲೆಗೆ ಗೆದ್ದ 2.4 ಗಿಗಾವಾಟ್‌ನ ಹಾರ್ನ್‌ಸೀ 4 ಯೋಜನೆಯನ್ನು ಕಂಪನಿ 2025ರ ಮೇನಲ್ಲಿ ನಿಲ್ಲಿಸಿತು. ಕಾಗದದ ಮೇಲೆ ಅಗ್ಗದ ಬೆಲೆ ಇದ್ದರೆ ಸಾಲದು, ಅದಕ್ಕೆ ಕಟ್ಟಲು ಸಾಧ್ಯವಾಗಬೇಕು. ಈಗ ಹೊಸ ವಿಂಡ್ ಫಾರ್ಮ್ ಒಪ್ಪಂದಗಳನ್ನು 15ರಿಂದ 20 ವರ್ಷಕ್ಕೆ ಏರಿಸಿದ್ದಾರೆ. ಕಂತು ಹಗುರಾಗಲಿ ಅಂತ.

ಅಣು ವಿದ್ಯುತ್ತಿಗೆ ಇದೇ ಒಪ್ಪಂದ ಅಷ್ಟು ಹೊಂದಲಿಲ್ಲ. ಹಿಂಕ್ಲಿ ಪಾಯಿಂಟ್ ಸಿ ಸ್ಥಾವರಕ್ಕೆ 92.50 ಪೌಂಡ್, 35 ವರ್ಷ. ಹರಾಜು ಇಲ್ಲದೆ, ಮಾತುಕತೆಯಲ್ಲಿ ಆದ ಬೆಲೆ ಅದು. ಕರೆಂಟ್ ಬರುವ ತನಕ ಗ್ರಾಹಕರು ಏನೂ ಕೊಡಬೇಕಿಲ್ಲ, ಕಟ್ಟುವ ಖರ್ಚು ಏರಿದರೆ ಕಂಪನಿಯದೇ ಹೊಣೆ. ಕೇಳಲು ಚೆನ್ನಾಗಿದೆ. ಆದರೆ ಹತ್ತಾರು ವರ್ಷ ಕಟ್ಟುವ ಅಪಾಯವನ್ನು ಹೊರುವವರು ಅದಕ್ಕೆ ತಕ್ಕ ಲಾಭ ಕೇಳುತ್ತಾರೆ, ಬೆಲೆ ಏರುತ್ತದೆ. ಹಾಗಾಗಿ ಮುಂದಿನ ಸೈಜ್‌ವೆಲ್ ಸಿ ಸ್ಥಾವರಕ್ಕೆ ದಾರಿ ಬದಲಿಸಿದರು. 2022ರ ಕಾನೂನಿನಂತೆ ಕಟ್ಟುತ್ತಿರುವಾಗಲೇ ಬಿಲ್‌ನಲ್ಲಿ ಒಂದಿಷ್ಟು ವಸೂಲಿ ಶುರುವಾಗುತ್ತದೆ. ಬಡ್ಡಿ ಇಳಿಯುತ್ತದೆ, ಆದರೆ ತಡವಾದರೆ ಜನರ ಜೇಬಿಗೂ ಬಿಸಿ.

ಗಾಳಿ ನಿಂತಾಗ ಕರೆಂಟ್ ಹೋಗದಂತೆ ನೋಡಿಕೊಳ್ಳುವುದು ಸುಧಾರಣೆಯ ನಾಲ್ಕನೇ ಭಾಗ, ಕೆಪಾಸಿಟಿ ಮಾರ್ಕೆಟ್. ಕರೆದಾಗ ಓಡಲು ಸಿದ್ಧವಿರುವುದಕ್ಕೇ ವರ್ಷಕ್ಕಿಷ್ಟು ದುಡ್ಡು. 2014ರ ಡಿಸೆಂಬರ್‌ನ ಮೊದಲ ಹರಾಜಿನಲ್ಲಿ ಕಿಲೋವಾಟ್‌ಗೆ 19.40 ಪೌಂಡ್ ಆಯಿತು. ದುಡ್ಡಿನ ಬಹುಪಾಲು ಆಗಲೇ ಇದ್ದ ಸ್ಥಾವರಗಳಿಗೇ ಹೋಯಿತು. ಆರಂಭದ ವರ್ಷಗಳಲ್ಲಿ ಡೀಸೆಲ್ ಜನರೇಟರ್‌ಗಳೂ ಗೆದ್ದವು. ಇಂಗಾಲ ಇಳಿಸುವ ಕಾನೂನಿನಡಿ ಡೀಸೆಲ್‌ಗೆ ದುಡ್ಡು ಕೊಟ್ಟದ್ದು ತಪ್ಪು. ಆಮೇಲೆ ನಿಯಮ ಬಿಗಿ ಮಾಡಿದರು.

ಈಗ ಬಿಲ್ ವಿಷಯಕ್ಕೆ ಬರೋಣ. ಮೊದಲ ಕಾರಣ ಮೇಲೆ ಹೇಳಿದ್ದೇ. ಗ್ಯಾಸ್ ಪಾಲು ಇಳಿದರೂ, ಕೊನೆಗೆ ಕರೆಯುವ ಸ್ಥಾವರ ಗ್ಯಾಸ್‌ನದೇ ಆಗಿರುವ ಗಂಟೆಗಳಲ್ಲಿ ಎಲ್ಲರ ಬೆಲೆಯೂ ಅದರದೇ. ಒಪ್ಪಂದದಲ್ಲಿ ಇರುವ ಕರೆಂಟ್‌ಗೆ ಮಾತ್ರ ಇದರಿಂದ ಬಿಡುಗಡೆ. ಹಳೆಯ ಸರ್ಟಿಫಿಕೇಟ್ ಯೋಜನೆ 2017ರಲ್ಲಿ ಹೊಸಬರಿಗೆ ಮುಚ್ಚಿತು, ಆದರೆ ಮೊದಲೇ ಸೇರಿದವರಿಗೆ ಅದರ ಹಣ ಇನ್ನೂ ಸಂದಾಯ ಆಗುತ್ತಿದೆ. ಅದು ಬಿಲ್‌ನಲ್ಲಿ ಕೂತಿದೆ. ಹಳೆಯ, ದುಬಾರಿ ಒಪ್ಪಂದಗಳೂ ಇವೆ.

ಎರಡನೆಯದು ಜಾಗದ ಸಮಸ್ಯೆ. ಸುಧಾರಣೆ ಮುಟ್ಟದೇ ಬಿಟ್ಟ ಭಾಗ ಇದು, ನನಗೆ ಹೆಚ್ಚು ಚಿಂತೆ ಇರುವುದೂ ಇದರ ಬಗ್ಗೆಯೇ. ಸ್ಕಾಟ್ಲೆಂಡ್‌ನಲ್ಲಿ ಜೋರು ಗಾಳಿಯ ಒಂದು ರಾತ್ರಿ ಊಹಿಸಿಕೊಳ್ಳಿ. ಅಲ್ಲಿನ ವಿಂಡ್ ಫಾರ್ಮ್ ಲಂಡನ್ನಿನ ಗ್ರಾಹಕರಿಗೆ ಕರೆಂಟ್ ಮಾರುತ್ತದೆ. ಮಾರುಕಟ್ಟೆಗೆ ಇಡೀ ದೇಶ ಒಂದೇ ಊರಿದ್ದಂತೆ, ಒಂದೇ ಬೆಲೆ. ವ್ಯವಹಾರ ಮುಗಿಯುವುದು ಪ್ರತಿ ಅರ್ಧ ಗಂಟೆಯ ಅವಧಿಗೆ ಒಂದು ಗಂಟೆ ಮುಂಚೆ. ಆಗ ಗ್ರಿಡ್ ನಡೆಸುವವರು ನೋಡುತ್ತಾರೆ, ಸ್ಕಾಟ್ಲೆಂಡ್-ಇಂಗ್ಲೆಂಡ್ ಗಡಿ ದಾಟುವ ಲೈನ್‌ಗಳಿಗೆ ಅಷ್ಟು ಕರೆಂಟ್ ಹೊರುವ ಶಕ್ತಿ ಇಲ್ಲ. ಪಶ್ಚಿಮ ಕರಾವಳಿಯ ಸಮುದ್ರದಡಿ ಹಂಟರ್‌ಸ್ಟನ್‌ನಿಂದ ಉತ್ತರ ವೇಲ್ಸ್‌ಗೆ 2.2 ಗಿಗಾವಾಟ್ ಕೇಬಲ್ ಹಾಕಿದ್ದಾರೆ, ಅದೂ ಸಾಲದು. ಹಾಗಾಗಿ ವಿಂಡ್ ಫಾರ್ಮ್‌ಗೆ ದುಡ್ಡು ಕೊಟ್ಟು ನಿಲ್ಲಿಸು ಅನ್ನುತ್ತಾರೆ. ನಿಂತರೆ ಸರ್ಟಿಫಿಕೇಟ್ ತಪ್ಪುತ್ತದಲ್ಲ, ಆ ನಷ್ಟವನ್ನೂ ಅದು ಕೇಳುತ್ತದೆ. ಲಂಡನ್ನಿಗೆ ಕರೆಂಟ್ ಬೇಕೇ ಬೇಕು. ದಕ್ಷಿಣದ ಗ್ಯಾಸ್ ಸ್ಥಾವರವೊಂದಕ್ಕೆ ದುಡ್ಡು ಕೊಟ್ಟು ಓಡು ಅನ್ನುತ್ತಾರೆ. ಎರಡೂ ಖರ್ಚು ಬಿಲ್‌ಗೆ. ಶುದ್ಧ ಕರೆಂಟ್ ವ್ಯರ್ಥ, ಗ್ಯಾಸ್ ಹೊಗೆ ಬೇರೆ.

ಹಾಗಾದರೆ ಪ್ರದೇಶಕ್ಕೊಂದು ಬೆಲೆ ಇಡಬಹುದಲ್ಲ? ಸ್ವೀಡನ್ 2011ರ ನವೆಂಬರ್‌ನಲ್ಲಿ ದೇಶವನ್ನು ನಾಲ್ಕು ಬೆಲೆ ವಲಯ ಮಾಡಿತು. ಉತ್ತರದಲ್ಲಿ ಅಗ್ಗ, ದಕ್ಷಿಣದಲ್ಲಿ ದುಬಾರಿ. ದಕ್ಷಿಣದವರಿಗೆ ಇದರ ಬಗ್ಗೆ ಸಿಟ್ಟು ಇದೆ. ಬ್ರಿಟನ್ 2022ರ ಜುಲೈನಲ್ಲಿ ಶುರುಮಾಡಿದ ಮರುಪರಿಶೀಲನೆಯಲ್ಲಿ ಇದು ದೊಡ್ಡ ಜಗಳವೇ ಆಯಿತು. 2025ರ ಜುಲೈನಲ್ಲಿ ಸರ್ಕಾರ ವಲಯದ ಬೆಲೆ ಬೇಡ, ದೇಶಕ್ಕೆ ಒಂದೇ ಬೆಲೆ ಇರಲಿ, ಉಳಿದದ್ದನ್ನು ಸುಧಾರಿಸೋಣ ಎಂದು ತೀರ್ಮಾನಿಸಿತು.

ನನ್ನ ಅಭಿಪ್ರಾಯದಲ್ಲಿ ಈ ತೀರ್ಮಾನ ಅರ್ಧ ಸರಿ. ವಲಯದ ಬೆಲೆ ಬಂದರೆ ಮುಂದಿನ 20 ವರ್ಷ ತನ್ನ ವಲಯದಲ್ಲಿ ಬೆಲೆ ಏನಾಗುತ್ತದೋ ಅನ್ನುವ ಹೊಸ ಭಯ ಶುರುವಾಗುತ್ತದೆ, ಬಡ್ಡಿ ಏರುತ್ತದೆ. ಈಗಷ್ಟೇ ಕಟ್ಟಿಕೊಂಡ ಲಾಭ ಅದರಲ್ಲೇ ಹೋದೀತು. ಆದರೆ ಎಲ್ಲಿ ಕಟ್ಟಿದರೂ ಪರವಾಗಿಲ್ಲ ಅಂತ ಬಿಡಲೂ ಆಗದು. ಜಾಗದ ಖರ್ಚನ್ನು ಕಟ್ಟುವ ಮೊದಲೇ, ಒಂದೇ ಸಲ, ಸ್ಪಷ್ಟವಾಗಿ ಹೇಳಬೇಕು. ಗ್ರಿಡ್ ಸೇರುವ ಶುಲ್ಕ ಈ ಊರಲ್ಲಿ ಇಷ್ಟು, ಆ ಊರಲ್ಲಿ ಅಷ್ಟು, ಒಪ್ಪಂದ ಮುಗಿಯುವ ತನಕ ಬದಲಾಗುವುದಿಲ್ಲ ಅಂತ. ಲೆಕ್ಕ ಹಾಕಿ ಬಿಡ್ ಮಾಡಲು ಆಗುತ್ತದೆ. ಈಗಿನ ಶುಲ್ಕ ಜಾಗಕ್ಕೆ ತಕ್ಕಂತೆ ಬೇರೆ ಬೇರೆ ಇದೆ ನಿಜ, ಆದರೆ ವರ್ಷವರ್ಷವೂ ಬದಲಾಗುತ್ತದೆ. ಅದೇ ತೊಂದರೆ. ಅದರ ಜೊತೆಗೆ, ಜೋರು ಗಾಳಿಯ ರಾತ್ರಿ ಸ್ಕಾಟ್ಲೆಂಡ್‌ನಲ್ಲೇ ಕರೆಂಟ್ ಬಳಸುವವರಿಗೆ, ಬ್ಯಾಟರಿ ತುಂಬುವವರಿಗೆ, ಅಗ್ಗಕ್ಕೆ ಕೊಡುವ ದಾರಿ ಇರಬೇಕು. ಒಂದೇ ಬೆಲೆಯ ವ್ಯವಸ್ಥೆಯಲ್ಲಿ ಆ ದಾರಿ ತೀರಾ ಕಿರಿದಾಗಿದೆ.

ಬಿಲ್ ಎಂದು ಇಳಿಯುತ್ತದೆ? 2025ರ ನವೆಂಬರ್ ಬಜೆಟ್‌ನಲ್ಲಿ ಸರ್ಕಾರ ಹಳೆಯ ಸರ್ಟಿಫಿಕೇಟ್ ಯೋಜನೆಯ ಹೊರೆಯಲ್ಲಿ ಮನೆಗಳ ಪಾಲಿನ ಮುಕ್ಕಾಲು ಭಾಗವನ್ನು ಮೂರು ವರ್ಷ ಖಜಾನೆಯಿಂದ ಕೊಡುವುದಾಗಿ ಹೇಳಿತು. ಬಡವರಿಗೆ ಇದು ಒಳ್ಳೆಯದೇ, ಆದರೆ ಖರ್ಚು ಕಡಿಮೆ ಆಗಲಿಲ್ಲ, ತೆರಿಗೆಗೆ ಹೋಯಿತು. ನಿಜವಾದ ಇಳಿಕೆ 2027ರಿಂದ ಶುರುವಾಗಬೇಕು. ಆಗ ಮೊದಲ ತಂಡದ ಸರ್ಟಿಫಿಕೇಟ್‌ಗಳ ಅವಧಿ ಮುಗಿಯುತ್ತದೆ. ಕೊನೆಯವು ಮುಗಿಯುವುದು 2037ರಲ್ಲಿ. ಪೂರ್ವ ಕರಾವಳಿಯಲ್ಲಿ ಸ್ಕಾಟ್ಲೆಂಡ್‌ನಿಂದ ಇಂಗ್ಲೆಂಡ್‌ಗೆ ತಲಾ 2 ಗಿಗಾವಾಟ್‌ನ ಎರಡು ಕೇಬಲ್‌ಗಳ ಕೆಲಸ ನಡೆದಿದೆ. ಒಂದು ಟಾರ್ನೆಸ್‌ನಿಂದ, ಇನ್ನೊಂದು ಪೀಟರ್‌ಹೆಡ್‌ನಿಂದ. ಎರಡೂ 2029ರ ಹೊತ್ತಿಗೆ ಸಿದ್ಧವಾಗಬೇಕು. ಅಲ್ಲಿಯವರೆಗೆ ಗಾಳಿ ನಿಲ್ಲಿಸುವ ಖರ್ಚು ಬಿಲ್‌ನಲ್ಲಿ ಇದ್ದೇ ಇರುತ್ತದೆ.